ಕದಡಿದ ಕೆಗ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಮನೆಯಲ್ಲೇ ಮಾಡಿ ಕೆಗ್ಗಿಗೆ (ನಲ್ಲಿಯಿರುವ ಬಿಯರ್ ಪೀಪಾಯಿ) ತುಂಬಿದ ಬಿಯರ್ ಮಬ್ಬಾಗಿ ಬರುತ್ತಿದೆ ಅಂತ ಕಳಿಸಿದ ಫೋಟೋ ನೋಡಿದೆ. ಪೇಲ್ ಏಲ್ (ತಿಳಿ ಬಣ್ಣದ ಬಿಯರ್) ಅಂತ ನೀನು ಬರೆಯದಿದ್ದರೆ ಅಕ್ಕಿ ತೊಳೆದ ನೀರು ಅಂದುಕೊಳ್ಳುತ್ತಿದ್ದೆ. ಆದರೂ ಚೆಲ್ಲಬೇಡ ಮಾರಾಯ. ರುಚಿ, ವಾಸನೆ ಎರಡೂ ಸರಿಯಿದೆ ಅಂದಿದ್ದೀಯಲ್ಲ, ಅಷ್ಟಿದ್ದರೆ ಬಿಯರ್ ಕೆಟ್ಟಿಲ್ಲ.

ಮೊದಲು ಒಂದು ಗ್ಲಾಸ್ ಹಿಡಿದು ಅಡುಗೆಮನೆ ಕಟ್ಟೆ ಮೇಲೆ ಸುಮ್ನೆ ಇಡು. ತಣುಪು ಹೋದ ಹಾಗೆ ಅದು ತಿಳಿಯಾದರೆ ಚಿಲ್ ಹೇಜ್, ಅಂದರೆ ಚಳಿಗೆ ಕಟ್ಟುವ ಮಬ್ಬು. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪ್ರೋಟೀನ್‌ಗೆ, ಅದರ ಹೊಟ್ಟಿನಿಂದಲೂ ಹಾಪ್ಸ್ ಎಂಬ ಕಹಿ ಹೂವಿನಿಂದಲೂ ಬಂದ ಪಾಲಿಫಿನಾಲ್ ಎಂಬ ಒಗರು ಅಂಶ ಚಳಿಗೆ ಅಂಟಿಕೊಳ್ಳುತ್ತದೆ, ಬೆಚ್ಚಗಾದರೆ ಬಿಡುತ್ತದೆ. ಹಾಗಾಗದೆ, ರಾತ್ರಿ ಕಳೆದು ಬೆಳಿಗ್ಗೆ ನೋಡಿದಾಗ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಅದು ಯೀಸ್ಟ್, ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ.

ನನಗೇನೋ ಯೀಸ್ಟೇ ಅನಿಸುತ್ತದೆ. ಕೆಗ್ಗನ್ನು ಕಾರಿನಲ್ಲಿ ಹಾಕಿಕೊಂಡು ಕನ್ನಡ ಕೂಟದವರ ಮನೆಗೆ ಹೋಗಿ, ಇಳಿಸಿದ ಕೂಡಲೇ ನಲ್ಲಿ ತಿರುಗಿಸಿದರೆ ಇನ್ನೇನಾಗುತ್ತೆ? ನಿನ್ನ 19 ಲೀಟರಿನ ಕಾರ್ನಿ ಕೆಗ್ (ಉದ್ದನೆಯ ಸ್ಟೀಲ್ ಕೆಗ್) ಮೂಲದಲ್ಲಿ ಸೋಡಾ ಸಿರಪ್ ತುಂಬಲು ಮಾಡಿದ್ದು. ಸಿರಪ್‌ನಲ್ಲಿ ಗಸಿ ಇರುವುದಿಲ್ಲ, ಹಾಗಾಗಿ ಒಳಗಿನದನ್ನು ನಲ್ಲಿಗೆ ಎಳೆಯುವ ಕೊಳವೆ, ಡಿಪ್ ಟ್ಯೂಬ್, ತಳದವರೆಗೂ ಇಳಿದಿದೆ, ಕೊನೇ ಹನಿಯೂ ಸಿಗಲಿ ಅಂತ. ಬಿಯರ್‌ಗೆ ಅದೇ ತೊಂದರೆ. ಬಾಟಲಿಯಲ್ಲಾದರೆ ಮೇಲಿನಿಂದ ಬಗ್ಗಿಸಿ ಕೊನೆಯ ಒಂದು ಬೆರಳಷ್ಟು ಬಿಡುತ್ತೇವೆ. ಕೆಗ್‌ನಲ್ಲಿ ಮೊದಲು ಬರುವುದೇ ಆ ತಳದ ಗಸಿ. ಮೊದಲ ಗ್ಲಾಸು ಮಬ್ಬಾಗಿ ಬಂದರೆ ಚೆಲ್ಲಿಬಿಡು, ಅದು ಲೆಕ್ಕಕ್ಕಿಲ್ಲ.

ಈಗ ಕೆಗ್ಗನ್ನು ಫ್ರಿಜ್‌ನಲ್ಲಿಟ್ಟು ನಾಲ್ಕು ದಿನ ಅಲುಗಾಡಿಸಬೇಡ. ಟ್ಯೂಬಿನ ತುದಿಯನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸುವವರೂ ಇದ್ದಾರೆ. ನನಗದು ಇಷ್ಟವಿಲ್ಲ, ಪ್ರತಿ ಸಲ ಅಷ್ಟು ಬಿಯರ್ ಒಳಗೇ ಉಳಿಯುತ್ತದೆ. ಅದರ ಬದಲು ತೇಲುವ ಡಿಪ್ ಟ್ಯೂಬ್ ತಗೋ. ಸಿಲಿಕೋನ್ ಕೊಳವೆ, ತುದಿಗೊಂದು ಸ್ಟೀಲ್ ಗುಂಡು, ಅಷ್ಟೇ. ಮೇಲಿನ ತಿಳಿಯನ್ನೇ ಎಳೆಯುತ್ತದೆ.

ತೀರಾ ಅವಸರವಿದ್ದರೆ ಜೆಲಾಟಿನ್ ಇದೆ. ಅರ್ಧ ಟೀ ಚಮಚ ಪುಡಿಯನ್ನು ಅರ್ಧ ಕಪ್ ನೀರಲ್ಲಿ ಕದಡಿ, 65ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡು. ಕುದಿಯಬಾರದು. ಚೆನ್ನಾಗಿ ತಣ್ಣಗಾದ ಬಿಯರ್‌ಗೆ ಸುರಿದರೆ ಎರಡು ದಿನದಲ್ಲಿ ಗಸಿ ತಳ ಹಿಡಿಯುತ್ತದೆ. ಆದರೆ ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ನಿಮ್ಮ ಬಳಗದಲ್ಲಿ ಬಿಯರ್ ಕುಡಿಯುವ ಸಸ್ಯಾಹಾರಿಗಳು ಜಾಸ್ತಿ ಅಲ್ವಾ, ಹೇಳದೆ ಕೊಡಬೇಡ. ಮುಂದಿನ ಸಲ ಮಾಲ್ಟಿನ ಸಿಹಿ ರಸ ಕುದಿಸುವಾಗ, ಕೊನೆಯ ಹದಿನೈದು ನಿಮಿಷಕ್ಕೆ ಐರಿಶ್ ಮಾಸ್ ಹಾಕು. ಅದು ಕಡಲ ಪಾಚಿ, ಯಾರ ತಕರಾರೂ ಇರುವುದಿಲ್ಲ. ಕುದಿಸಿದ ಆ ರಸವನ್ನು (ವರ್ಟ್) ಬೇಗ ತಣಿಸಿದರೆ ಚಿಲ್ ಹೇಜೂ ಕಡಿಮೆಯಾಗುತ್ತದೆ.

ಗೋಧಿ ಬಿಯರ್ ಮಾಡಿದಾಗ ಮಾತ್ರ ಇದ್ಯಾವುದನ್ನೂ ಮಾಡಬೇಡ. ಅದು ಮಬ್ಬಾಗಿಯೇ ಇರಬೇಕು.

ಮುಂದೆ ಯಾವತ್ತಾದರೂ ಮಬ್ಬಿನ ಜೊತೆ ಬೇಡದ ಹುಳಿ ಸೇರಿ, ನೊರೆ ಉಕ್ಕತೊಡಗಿದರೆ ಆಗ ಕೆಗ್ಗನ್ನು ಪೂರ್ತಿ ಬಿಚ್ಚಬೇಕು. ರಬ್ಬರ್ ರಿಂಗ್ ಬದಲಿಸು, ಪೈಪು, ನಲ್ಲಿ ಎಲ್ಲ ತೊಳೆ. ನಲ್ಲಿಯ ಒಳಗೆ ಬೆರಳಾಡಿಸಿ ನೋಡು, ಲೋಳೆ ಹತ್ತಿದರೆ ಕಳ್ಳ ಅಲ್ಲೇ ಇದ್ದಾನೆ.

ಕಟ್ಟೆ ಮೇಲಿನ ಗ್ಲಾಸ್ ಏನಾಯ್ತು ಅಂತ ಮೆಸೇಜ್ ಹಾಕು.

ನಿನ್ನ ಗೆಳೆಯ