‘ಜಿಲ್ಲೆಯ ಕೆಲವೆಡೆ’ ಅಂದರೆ ಯಾವ ಕಡೆ?

ಮಾನ್ಯ ಸಂಪಾದಕರೇ,

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಮಾವಿನ ತೋಟ. ಕಳೆದ ಮೇ ತಿಂಗಳಲ್ಲಿ ಬಾದಾಮಿ ಕಾಯಿ ಕೀಳಿಸುತ್ತಿದ್ದೆ. ‘ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆ’ ಅಂತ ಬೆಳಿಗ್ಗೆಯೇ ಮೊಬೈಲಿಗೆ ಸಂದೇಶ ಬಂದಿತ್ತು. ಆ ವಾರ ದಿನಾ ಅದೇ ಸಂದೇಶ. ನಾಲ್ಕು ದಿನ ಒಂದು ಹನಿಯೂ ಬಿದ್ದಿರಲಿಲ್ಲ. ಐದನೇ ದಿನ ಯಾರು ತಾನೇ ಕೆಲಸ ನಿಲ್ಲಿಸುತ್ತಾರೆ?

ಸಂಜೆ ನಾಲ್ಕೂವರೆಗೆ ಚಿಂತಾಮಣಿ ಕಡೆ ಮೋಡ ಕಪ್ಪಾಯಿತು. ಐದೂಕಾಲಿಗೆ ಬಿರುಗಾಳಿ, ಅದರ ಬೆನ್ನಿಗೇ ಆಲಿಕಲ್ಲು. ಮರದ ಮೇಲಿದ್ದ ಇಬ್ಬರು ಹುಡುಗರು ಇನ್ನೂ ಇಳಿಯುತ್ತಿದ್ದರು, ಪಕ್ಕದ ತೋಟದ ತೆಂಗಿಗೆ ಸಿಡಿಲು ಬಡಿಯಿತು. ಅಷ್ಟು ಮಳೆಯಲ್ಲೂ ಅದರ ಸುಳಿ ಹೊತ್ತಿ ಉರಿಯಿತು. ನೆಲದ ತುಂಬ ಕಾಯಿ ಬಿದ್ದಿತ್ತು. ಅದಕ್ಕೆ ನಾನು ಅಳಲಿಲ್ಲ. ಹುಡುಗರ ಮುಖ ನೋಡಿ ಅಳು ಬಂತು.

ಚಿಂತಾಮಣಿ ನಮಗೆ ದೂರವೇನಲ್ಲ. ಮುಕ್ಕಾಲು ಗಂಟೆ ಆ ಮೋಡ ನಮ್ಮ ಕಡೆಗೇ ನಡೆದು ಬಂದಿದೆ. ಡಾಪ್ಲರ್ ರಾಡಾರ್ ಇರುವುದೇ ಇದಕ್ಕೆ ಅಲ್ವಾ? ಅದು ಬಿಡುವ ಅಲೆ ಹನಿಗೂ ಆಲಿಕಲ್ಲಿಗೂ ತಾಗಿ ವಾಪಸ್ ಬರುತ್ತದೆ. ಮೋಡದೊಳಗಿನ ಗಾಳಿ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದೂ ತಿಳಿಯುತ್ತದೆ. ಹತ್ತತ್ತು ನಿಮಿಷದ ಚಿತ್ರಗಳನ್ನು ಜೋಡಿಸಿ ನೋಡಿದರೆ ಮುಂದಿನ ಒಂದು ಗಂಟೆಯ ದಾರಿಯನ್ನು ಸುಮಾರಾಗಿ ಹೇಳಬಹುದು. ಇಂಥ ಮೋಡ ಎಷ್ಟೋ ಸಲ ಒಂದು ಗಂಟೆಯಲ್ಲೇ ಹುಟ್ಟಿ ಕರಗುತ್ತದೆ. ಬೆಳಿಗ್ಗೆ ಕೊಟ್ಟ ಸಂದೇಶ ಅದನ್ನು ಹಿಡಿಯುವುದು ಕಷ್ಟ.

ಚೆನ್ನೈ ರಾಡಾರ್ ನಮ್ಮಿಂದ ಸುಮಾರು 225 ಕಿ.ಮೀ. ದೂರದಲ್ಲಿದೆ. ಅದರ ಅಲೆ ನೆಟ್ಟಗೆ ಹೋಗುತ್ತದೆ, ಭೂಮಿ ಬಾಗಿದೆ. ಅರ್ಧ ಡಿಗ್ರಿಯಷ್ಟೇ ಮೇಲಕ್ಕೆ ತಿರುಗಿಸಿದರೂ ನಮ್ಮೂರಿಗೆ ಬರುವಷ್ಟರಲ್ಲಿ ಅದು ಸಮುದ್ರ ಮಟ್ಟದಿಂದ ಸುಮಾರು 5 ಕಿ.ಮೀ. ಎತ್ತರದಲ್ಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಮರ ಮುರಿಯುವ ಗಾಳಿ ಇರುವುದು ಬುಡದಲ್ಲೇ. ಅದಕ್ಕೇ ನಮಗೆ 100 ಕಿ.ಮೀ. ಒಳಗೆ ಒಂದು ರಾಡಾರ್ ಬೇಕು, ಚಿಕ್ಕದಾದರೂ ಸರಿ. ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಅದನ್ನೂ ಜೊತೆಗಿಟ್ಟು ನೋಡಿದರೆ ರಾಡಾರ್ ಅಂದಾಜು ಎಲ್ಲಿ ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ಸಂದೇಶದ ಮಾತು. ‘ಐದು ಗಂಟೆಯೊಳಗೆ ರೋಣೂರು ಹೋಬಳಿಗೆ ಬಿರುಗಾಳಿ, ಆಲಿಕಲ್ಲು. ಮರದಿಂದ ಇಳಿಯಿರಿ’ ಅಂತ ಹೋಬಳಿ ಹೆಸರು, ಹೊತ್ತು ಎರಡನ್ನೂ ಹೇಳಲಿ. ಬರೀ ಮೆಸೇಜ್ ಸಾಲದು. ಕಾಯಿ ಕೀಳುವವರ ಫೋನು ಕೊಂಬೆಗೆ ನೇತುಹಾಕಿದ ಚೀಲದಲ್ಲಿರುತ್ತದೆ. ಫೋನು ರಿಂಗಾಗಬೇಕು, ಪಂಚಾಯಿತಿ ಮೈಕಿನಲ್ಲೂ ಕೂಗಬೇಕು. ನಮ್ಮ ಕಡೆ ಕೂಲಿಗೆ ಬರುವವರಲ್ಲಿ ತೆಲುಗಿನವರು ಜಾಸ್ತಿ, ತೆಲುಗಿನಲ್ಲೂ ಹೇಳಬೇಕು.

ಒಂದು ಗಂಟೆ ಮುಂಚೆ ಗೊತ್ತಾದರೂ ಮರದ ಮೇಲಿನ ಕಾಯಿ ಉಳಿಯುವುದಿಲ್ಲ, ಅದು ನಮಗೂ ಗೊತ್ತು. ಕಿತ್ತಿಟ್ಟ ಕ್ರೇಟುಗಳಿಗೆ ಟಾರ್ಪಾಲು ಹೊದಿಸಬಹುದು. ಆಳುಗಳನ್ನು ಮನೆಯೊಳಗೆ ಕರೆದುಕೊಳ್ಳಬಹುದು. ರಾಡಾರ್ ಬರುವುದು ತಡವಾಗಬಹುದು, ಹೋಬಳಿ ಹೆಸರು ಹೇಳುವ ಕರೆಯಾದರೂ ಬರುವ ಏಪ್ರಿಲ್‌ಗೆ ಮುಂಚೆ ಶುರುವಾಗಲಿ ಎಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಮಾವು ಬೆಳೆಗಾರ್ತಿ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ