ಸುಣ್ಣಕ್ಕೆ ಸೋತ ನಕ್ಷತ್ರಮೀನು

ಪ್ರಿಯ ತಮ್ಮನಿಗೆ,

ನಿನ್ನ ಲೇಖನ ತಲುಪಿತು. 1960ರ ‘ದ ಬ್ರೇವ್ ಅಂಡ್ ದ ಬೋಲ್ಡ್’ 28ನೇ ಸಂಚಿಕೆ, ಅಂದರೆ ಜಸ್ಟಿಸ್ ಲೀಗ್ ಆಫ್ ಅಮೆರಿಕ ಎಂಬ ಸೂಪರ್‌ಹೀರೋಗಳ ತಂಡ ಮೊದಲ ಬಾರಿಗೆ ಕಾಣಿಸಿಕೊಂಡ ಕಾಮಿಕ್ಸ್, ನನಗೂ ಅಚ್ಚುಮೆಚ್ಚು. ಅದರ ಮೇಲೆ ನಗೆಬರಹ ಬರೆಯಲು ಹೊರಟಿದ್ದೀಯೆ ಎಂದು ತಿಳಿದು ಖುಷಿಯಾಯಿತು. ಆದರೆ ಮೊದಲ ಪುಟದಲ್ಲೇ ‘ಬಾಲಿಶ’, ‘ಅಸಂಬದ್ಧ’, ‘ತಲೆಬುಡವಿಲ್ಲದ’ ಎಂದೆಲ್ಲ ಬರೆದಿದ್ದೀಯೆ. ಅವನ್ನು ಹೊಡೆದುಹಾಕು. ಓದುಗನಿಗಿಂತ ಮೊದಲು ನೀನೇ ನಕ್ಕುಬಿಟ್ಟರೆ ಅವನು ನಗುವುದು ಯಾವಾಗ?

ಕಥೆಯನ್ನು ನೆಟ್ಟಗೆ ಹೇಳು, ಸಾಕು. ಸ್ಟಾರೊ ಎಂಬ ದೈತ್ಯ ನಕ್ಷತ್ರಮೀನು ಭೂಮಿಯನ್ನು ಗೆಲ್ಲಲು ಬಾಹ್ಯಾಕಾಶದಿಂದ ಬರುತ್ತದೆ. ನಮ್ಮ ಕಡಲಿನ ಮೂರು ನಕ್ಷತ್ರಮೀನುಗಳನ್ನು ತನ್ನಷ್ಟೇ ಬಲಿಷ್ಠವಾಗಿಸಿ ಸೇನಾನಿಗಳನ್ನಾಗಿ ಮಾಡಿಕೊಳ್ಳುತ್ತದೆ. ಕಡಲ ಜೀವಿಗಳೊಡನೆ ಮಾತಾಡಬಲ್ಲ ನಾಯಕ ಅಕ್ವಾಮ್ಯಾನ್‌ಗೆ ಈ ಸುದ್ದಿ ಮುಟ್ಟಿಸುವುದು ಒಂದು ಪಫರ್ ಮೀನು. ಹ್ಯಾಪಿ ಹಾರ್ಬರ್ ಎಂಬ ಊರಿನ ಜನರೆಲ್ಲ ಸ್ಟಾರೊನ ವಶವಾದರೂ ಸ್ನ್ಯಾಪರ್ ಕಾರ್ ಎಂಬ ಹುಡುಗ ಮಾತ್ರ ಬೆರಳು ಚಿಟಿಕೆ ಹೊಡೆಯುತ್ತ ಆರಾಮಾಗಿರುತ್ತಾನೆ. ಕಾರಣವೇನೆಂದರೆ, ಅವನು ಮನೆಯ ಮುಂದಿನ ಹುಲ್ಲಿಗೆ ಸುಣ್ಣ ಹಾಕುತ್ತಿದ್ದ. ಅದು ಅವನ ಮೈಗೂ ಮೆತ್ತಿಕೊಂಡಿತ್ತು. ಬೇಕಾದದ್ದನ್ನೆಲ್ಲ ಸೃಷ್ಟಿಸಬಲ್ಲ ಉಂಗುರ ತೊಟ್ಟ ಗ್ರೀನ್ ಲ್ಯಾಂಟರ್ನ್, ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುವ ಫ್ಲ್ಯಾಶ್ ಇಬ್ಬರೂ ಇರುವ ತಂಡ ಕೊನೆಗೆ ಶತ್ರುವನ್ನು ಮಣಿಸುವುದು ಸುಣ್ಣ ಸುರಿದು. ಇದಕ್ಕೆ ನಿನ್ನ ಒಗ್ಗರಣೆ ಏನೂ ಬೇಕಾಗಿಲ್ಲ.

ಈಗ ನೀನು ಗಮನಿಸದ ಸಂಗತಿಗೆ ಬರುತ್ತೇನೆ. ಕಥೆಗಾರ ಗಾರ್ಡನರ್ ಫಾಕ್ಸ್ ಕಾನೂನು ಓದಿ ವಕೀಲನಾಗಿದ್ದವನು. ಚಿತ್ರವಿಚಿತ್ರ ಮಾಹಿತಿಗಳನ್ನು ಕೂಡಿಡುವುದು ಅವನ ಅಭ್ಯಾಸ. ಸುಣ್ಣ ಅವನಿಗೆ ಸುಮ್ಮನೆ ಹೊಳೆದದ್ದಲ್ಲ. ನಕ್ಷತ್ರಮೀನುಗಳು ಸಿಂಪಿಗಳನ್ನು ತಿಂದು ಹಾಕುತ್ತವೆ. ಹಾಗಾಗಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಿಂಪಿ ಸಾಕುವವರು ಅವುಗಳ ಮೇಲೆ ಸುಟ್ಟ ಸುಣ್ಣವನ್ನೇ ಸುರಿಯುತ್ತಿದ್ದರು. ಇಡೀ ಕಥೆಯಲ್ಲಿ ನಾವು ಅತಿ ಹೆಚ್ಚು ನಗುವ ಜಾಗ ಯಾವುದೋ, ಲೇಖಕ ಅತಿ ಹೆಚ್ಚು ತಿಳಿದು ಬರೆದ ಜಾಗವೂ ಅದೇ. ನಿನ್ನ ಲೇಖನದ ಜೀವ ಇಲ್ಲಿದೆ. ಇದಕ್ಕೆ ಒಂದು ಪುಟ ಪೂರ್ತಿ ಮೀಸಲಿಡು.

ಸೂಪರ್‌ಮ್ಯಾನ್ ‘ರಜೆ ಹಾಕಿದ್ದಾನೆ’ ಎಂಬ ನಿನ್ನ ಹಾಸ್ಯ ಚೆನ್ನಾಗಿದೆ. ಕಥೆಯಲ್ಲಿ ಅವನಿಗೆ ಉಲ್ಕೆಗಳ ಕಾಟ, ಬ್ಯಾಟ್‌ಮ್ಯಾನ್‌ಗೆ ಕಳ್ಳರ ಕಾಟ. ಮುಖಪುಟದಲ್ಲಂತೂ ಇಬ್ಬರೂ ಇಲ್ಲ. ಆದರೆ ಕಾರಣವನ್ನೂ ಹೇಳು. ಆ ಇಬ್ಬರ ಪತ್ರಿಕೆಗಳನ್ನು ನೋಡಿಕೊಳ್ಳುತ್ತಿದ್ದ ಸಂಪಾದಕರಿಗೆ ತಮ್ಮ ನಾಯಕರನ್ನು ಈ ಸಂಚಿಕೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್‌ನ ಹೊಸ ತಂಡಕ್ಕೆ ಧಾರಾಳವಾಗಿ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಕಚೇರಿಯೊಳಗಿನ ಈ ಜಗ್ಗಾಟವನ್ನು ಫಾಕ್ಸ್ ಆಕಾಶದ ಉಲ್ಕೆಗಳ ಹಿಂದೆ ಮುಚ್ಚಿಟ್ಟ. ಇದು ಗೊತ್ತಾದ ಮೇಲೆ ನಗು ಇಮ್ಮಡಿಯಾಗುತ್ತದೆ, ಜೊತೆಗೆ ಅವನ ಮೇಲೆ ಪ್ರೀತಿಯೂ ಹುಟ್ಟುತ್ತದೆ.

ಏಳು ಜನ ನಾಯಕರನ್ನು ಫಾಕ್ಸ್ ಒಂದೇ ಸಂಚಿಕೆಯಲ್ಲಿ ಹೇಗೆ ನಿಭಾಯಿಸಿದ ಎಂಬುದನ್ನೂ ನೋಡು. ಸಭೆ ಸೇರಿಸುತ್ತಾನೆ, ಒಬ್ಬೊಬ್ಬರನ್ನೋ ಇಬ್ಬಿಬ್ಬರನ್ನೋ ಒಂದೊಂದು ದಿಕ್ಕಿಗೆ ಕಳಿಸುತ್ತಾನೆ, ಕೊನೆಯಲ್ಲಿ ಮತ್ತೆ ಒಟ್ಟುಗೂಡಿಸುತ್ತಾನೆ. 1940ರ ದಶಕದಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ ಜಸ್ಟಿಸ್ ಸೊಸೈಟಿ ಎಂಬ ಹಿಂದಿನ ಸೂಪರ್‌ಹೀರೋ ತಂಡಕ್ಕಾಗಿ ಅವನೇ ಪಳಗಿಸಿಕೊಂಡ ವಿಧಾನವಿದು. ಸ್ನ್ಯಾಪರ್‌ನ ಮಾತಿನ ಧಾಟಿಯ ಬಗ್ಗೆ ಎರಡು ಸಾಲು ಸಾಕು. ಯಾವ ಕಾಲದ ಹುಡುಗರ ಮಾತಾದರೂ ಹಳೆಯದಾಗಿಯೇ ಆಗುತ್ತದೆ.

ವಂಡರ್ ವುಮನ್ ಬಗ್ಗೆ ಮಾತ್ರ ನನ್ನದು ಖಡಾಖಂಡಿತ ಅಭಿಪ್ರಾಯ. 1942ರಲ್ಲಿ ಜಸ್ಟಿಸ್ ಸೊಸೈಟಿ ಅವಳನ್ನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂರಿಸಿತು. ಎಷ್ಟೋ ಕದನಗಳಿಗೆ ಗಂಡಸರು ಹೊರಟಾಗ ಅವಳು ಕಚೇರಿ ನೋಡಿಕೊಳ್ಳಬೇಕಾಯಿತು. ನೀನು ಅದನ್ನೂ ತಮಾಷೆಯ ಪಟ್ಟಿಗೆ ಸೇರಿಸಿದ್ದೀಯೆ. ಅದು ತಮಾಷೆಯಲ್ಲ, ತಪ್ಪು, ತಪ್ಪೆಂದೇ ಬರೆ. 1960ರ ಈ ಕಥೆಯಲ್ಲಿ ಅವಳು ಮಂಗಳ ಗ್ರಹದ ಮಾರ್ಷಿಯನ್ ಮ್ಯಾನ್‌ಹಂಟರ್ ಜೊತೆ ಸರಿಸಮನಾಗಿ ನಿಂತು ಹೋರಾಡುತ್ತಾಳೆ ಎಂಬುದನ್ನೂ ಅಲ್ಲಿಯೇ ಸೇರಿಸು.

ಮೈಕ್ ಸೆಕೊವ್ಸ್ಕಿಯ ಚಿತ್ರಗಳ ಬಗ್ಗೆ ನೀನು ಒಂದು ಸಾಲನ್ನೂ ಬರೆದಿಲ್ಲ. ಸಂಚಿಕೆಯನ್ನು ಮತ್ತೊಮ್ಮೆ ತೆರೆದು, ಮಾತುಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡುತ್ತ ಹೋಗು. ಆಮೇಲೆ ತಿದ್ದಿದ ಪ್ರತಿಯನ್ನು ಕಳಿಸು. ಪಫರ್ ಮೀನಿನ ಪ್ರಸಂಗವನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡ.

ಪ್ರೀತಿಯಿಂದ,
ನಿನ್ನ ಅಣ್ಣ