ಮಳೆಗಾಲದಲ್ಲಿ ಗಾಜು ಕಾಯ್ದವರಿಗೆ

ಪುಣೆಯ ಕನ್ನಡ ಬಂಧುಗಳೇ,

ನಮ್ಮ ಗಾಜಿನ ಕಲೆಯ ಪ್ರದರ್ಶನ ಮುಗಿದಿದೆ. ನಿಮ್ಮ ಮನೆಗಳಿಂದ ಬಂದ ಹಳೆಯ ಗಾಜಿನ ಚಿತ್ರ, ಹೂಜಿ, ಬಟ್ಟಲು, ಅತ್ತರಿನ ಸೀಸೆಗಳೆಲ್ಲ ಒಂದು ಬಿರುಕೂ ಇಲ್ಲದೆ ಮರಳಿ ಮನೆ ಸೇರಿವೆ. ನೋಡಲು ಬಂದ ಎಲ್ಲರಿಗೂ ನಮಸ್ಕಾರ. ಆದರೆ ತೆರೆಮರೆಯಲ್ಲಿ ದುಡಿದವರ ಋಣ ದೊಡ್ಡದು. ಅವರು ಮಾಡಿದ್ದೇನೆಂದು ಬಿಡಿಸಿ ಹೇಳದಿದ್ದರೆ ಈ ಧನ್ಯವಾದ ಅರೆಬರೆಯಾದೀತು.

ಮೊದಲು, ದೇವರ ಮನೆಯ ಗೋಡೆ ಬರಿದಾದರೂ ಸರಿ ಎಂದು ಚಿತ್ರ ಕೊಟ್ಟ ಮನೆತನಗಳಿಗೆ. ಇವು ಗಾಜಿನ ಹಿಂಬದಿಗೆ ಬರೆದ ಚಿತ್ರಗಳು. ಕಣ್ಣಿನ ಪಾಪೆ, ಒಡವೆಯ ಗೆರೆ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕಟ್ಟಕಡೆಗೆ. ಗಾಜು ಬಣ್ಣವನ್ನು ಹೀರುವುದಿಲ್ಲ, ಬಣ್ಣ ಅದಕ್ಕೆ ಸುಮ್ಮನೆ ಅಂಟಿಕೊಂಡಿರುತ್ತದೆ. ತೇವ ಏರಿಳಿದಂತೆಲ್ಲ ಆ ಪದರ ಹಿಗ್ಗಿ ಕುಗ್ಗಿ ಹಕ್ಕಳೆ ಏಳುತ್ತದೆ. ಅಂಥ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಬೇಡಿ, ಮುಂಬದಿಗೂ ಸ್ಪ್ರೇ ಹೊಡೆಯಬೇಡಿ; ನೀರು ಅಂಚಿನ ಸಂದಿಯಿಂದ ಒಳಗಿಳಿದು ಬಣ್ಣವನ್ನೇ ಕಿತ್ತುಬಿಡುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಮತ್ತೆ ತೂಗುಹಾಕುವಾಗ ಮಳೆ ಬಡಿಯುವ ಹೊರಗೋಡೆಯೂ ಬೇಡ, ಉರಿಯುವ ದೀಪದ ಮೇಲ್ಗಡೆಯೂ ಬೇಡ.

ಷೋಕೇಸುಗಳ ಹೊಣೆ ಹೊತ್ತ ಅಕ್ಕಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಸುಣ್ಣದ ಅಂಶ ಕಡಿಮೆಯಿರುವ ಹಳೆಯ ಗಾಜು ತೇವದ ಗಾಳಿಯಲ್ಲಿ ಬೆವರುತ್ತದೆ: ಒಳಗಿನ ಕ್ಷಾರ ಮೇಲ್ಮೈಗೆ ಬಂದು, ಬೆರಳಿಗೆ ಸೋಪಿನಂತೆ ಜಾರುವ ಸಣ್ಣ ಹನಿಯಾಗುತ್ತದೆ. ಹಾಗೆಂದು ತೀರಾ ಒಣಗಿಸಿದರೆ ಅದೇ ಮೇಲ್ಪದರ ಕುಗ್ಗಿ ಕೂದಲೆಳೆಯಂಥ ಸೀಳುಗಳ ಬಲೆ ಮೂಡುತ್ತದೆ. ಹಾಗಾಗಿ ತೇವಾಂಶ ಶೇ 40ರಿಂದ 45ರ ನಡುವೆಯೇ ನಿಲ್ಲಬೇಕು. ಮುಚ್ಚಿದ ಷೋಕೇಸಿಗೆ ಘನ ಮೀಟರಿಗೆ 20 ಕಿಲೋ ಲೆಕ್ಕದಲ್ಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ, ಬೇಕಾದಾಗ ಬಿಡುವ ಹರಳು, ಇಟ್ಟರು. ಒಲೆಯಿಂದ ಆಗತಾನೇ ಬಂದ, ಪೂರ್ತಿ ಒಣಗಿದ ಜೆಲ್ ಇಟ್ಟರೆ ಗಾಳಿ ಅತಿಯಾಗಿ ಒಣಗುತ್ತದೆಂದು ಅವರಿಗೆ ಗೊತ್ತಿತ್ತು. ಡಬ್ಬಿಯಲ್ಲಿ ತೇವಾಂಶ ಮಾಪಕದ ಜೊತೆ ಮುಚ್ಚಿಟ್ಟು, ಮುಳ್ಳು 45ಕ್ಕೆ ನಿಲ್ಲುವವರೆಗೆ ಹದ ಮಾಡಿದ ಜೆಲ್ಲನ್ನಷ್ಟೇ ಒಳಗಿಟ್ಟರು.

ಗಾಜು ಹೀಗೇಕೆ ಬೆವರುತ್ತದೆಂದು ಬಿಡಿಸಿ ತೋರಿಸಿದ್ದು ನಮ್ಮ ಓದುಬಳಗ. ಇಟಲಿಯ ಆಂಟೋನಿಯೊ ನೆರಿ 1612ರಲ್ಲಿ ಪ್ರಕಟಿಸಿದ ಗಾಜಿನ ಕೈಪಿಡಿಯಲ್ಲಿ ಗಿಡದ ಬೂದಿಯ ಉಪ್ಪನ್ನು ಕರಗಿಸಿ, ಸೋಸಿ, ಮತ್ತೆ ಮತ್ತೆ ಶುದ್ಧ ಮಾಡುವ ಕ್ರಮವಿದೆ. ಅದರಿಂದ ಗಾಜು ತಿಳಿಯಾಗುತ್ತದೆ ನಿಜ, ಆದರೆ ಸೋಸುವಾಗ ಸುಣ್ಣವೂ ಹೋಗಿಬಿಡುತ್ತದೆ. ಸುಣ್ಣವಿಲ್ಲದ ಗಾಜಿಗೆ ಆಯಸ್ಸಿಲ್ಲ. ಪುಣೆಗೆ ಹತ್ತಿರದ ತಳೇಗಾಂವದಲ್ಲಿ, ಜನರಿಂದ ಪೈಸೆ ಪೈಸೆ ಕೂಡಿಸಿದ ಹಣದಲ್ಲಿ 1908ರಲ್ಲಿ ಎದ್ದ ಪೈಸಾ ಫಂಡ್ ಗಾಜಿನ ಕಾರ್ಖಾನೆಯ ಕುರಿತ ಓದು ಇನ್ನೂ ಸೊಗಸಾಗಿತ್ತು. ಸ್ವದೇಶಿ ಚಳವಳಿ ಎಂದರೆ ನೂಲು, ಬಟ್ಟೆ ಎಂದಷ್ಟೇ ತಿಳಿದಿದ್ದವರಿಗೆ ಅದು ಹೊಸ ವಿಷಯ.

ಗಾಜಿನ ಕೆಲಸಕ್ಕೆ ಹೆಸರಾದ ಫಿರೋಜಾಬಾದಿನಿಂದ ಬಂದ ಕಲಾವಿದರಿಗೆ ತಲೆಬಾಗುತ್ತೇವೆ. ಉರಿಯಲ್ಲಿ ಮಣಿ ಕಟ್ಟುವುದನ್ನು ಜನ ಬೆರಗಾಗಿ ನೋಡಿದರು, ಆದರೆ ಅವರು ನಿಜಕ್ಕೂ ಕಲಿಸಿದ್ದು ಬಿಸಿ ಗಾಜನ್ನು ನಿಧಾನ ತಣಿಸುವುದನ್ನು. ಬಿಸಿ ಮಣಿಯನ್ನು ಗಾಳಿಯಲ್ಲಿಟ್ಟರೆ ಹೊರಮೈ ಮೊದಲು ಬಿಗಿಯುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತ ಎಳೆಯುತ್ತದೆ. ಮಣಿ ಅಂದೇ ಒಡೆಯದಿದ್ದರೂ ವಾರದ ಮೇಲೆ ತಾನಾಗಿ ಸೀಳಬಹುದು. ಬಿಸಿ ತಾಳುವ ಬೋರೋಸಿಲಿಕೇಟ್ ಗಾಜಾದರೆ ಕುಲುಮೆಯಲ್ಲಿ ಸುಮಾರು 565 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿ ನಿಧಾನ ಇಳಿಸಬೇಕು. ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಜೋಡಿಸಿ, ಅಡಿಯಲ್ಲಿ ದೀಪವಿಟ್ಟು, ನಡುವೆ ಮಣಿ ಹಿಡಿದು ಅವರು ತೋರಿಸಿದರು. ಚೆನ್ನಾಗಿ ಆರಿದ ಮಣಿ ಕಪ್ಪಾಗಿಯೇ ಉಳಿಯಿತು. ಕಿಟಕಿ ಗಾಜಿಗೆ ಬಾಟಲಿ ಗಾಜು ಬೆಸೆದ ತುಂಡಿನಲ್ಲಿ ಮಾತ್ರ ಬೆಸುಗೆಯುದ್ದಕ್ಕೂ ಬಿಳಿ ಬೆಳಕು ಹರಿಯಿತು. ಎರಡೂ ಗಾಜು ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ, ಒಳಗೆ ಎಳೆತ ಉಳಿದಲ್ಲೇ ಬೆಳಕು ತೂರಿಬರುತ್ತದೆ, ಅದಕ್ಕೇ.

ಸಾಮಾನು ಎತ್ತಿಳಿಸಿದ ತಮ್ಮಂದಿರಿಗೂ ಶರಣು. ಹತ್ತಿಯ ಕೈಗವಸು ಗಾಜಿನ ಮೇಲೆ ಜಾರುತ್ತದೆಂದು ರಬ್ಬರಿನಂಥ ನೈಟ್ರೈಲ್ ಗವಸು ತೊಟ್ಟರು, ಉಂಗುರ ಕಳಚಿಟ್ಟರು, ಹಿಡಿಕೆ ಹಿಡಿದೆತ್ತದೆ ಬುಡಕ್ಕೆ ಕೈಕೊಟ್ಟರು, ಚಿತ್ರಗಳನ್ನು ಮಲಗಿಸದೆ ನಿಲ್ಲಿಸಿಯೇ ಸಾಗಿಸಿದರು.

ತೇವಾಂಶ ಮಾಪಕಗಳೂ ಹದ ಮಾಡಿದ ಜೆಲ್ಲೂ ಉಳಿದಿವೆ. ಚಿತ್ರ ಕೊಟ್ಟ ಮನೆಯವರಿಗೆ ಮಳೆಗಾಲ ಮುಗಿಯುವವರೆಗೆ ಅವನ್ನು ಇಟ್ಟುಕೊಳ್ಳಲು ಕೊಡುತ್ತೇವೆ. ಮುಂದಿನ ಓದುಕೂಟಕ್ಕೆ ಬಂದಾಗ ಒಯ್ಯಿರಿ.